ಕಿವಿಗೆ ಟಾರ್ಚ್ ಬಿಡುತ್ತಿದ್ದ ಆದಗೊಂಡ ಕಾಕಾ

ಆದಗೊಂಡ ಕಾಕಾ ನನ್ನ ಕಿವಿಯೊಳಗೆ ಟಾರ್ಚ್ ಬಿಟ್ಟು ನೋಡಿದಷ್ಟು ಶ್ರದ್ಧೆಯಿಂದ ಇದುವರೆಗೆ ಯಾವ ಡಾಕ್ಟರೂ ನೋಡಿಲ್ಲ. ಕೊಲ್ಹಾಪುರದ ಹೊರಗೆ, ನರ್ಸ್ ಹುದ್ದೆಗೆ ಕಂಪ್ಯೂಟರ್ ಪರೀಕ್ಷೆ ನಡೆಯುವ ಕೇಂದ್ರದ ಗೇಟಿನಲ್ಲಿ ಅವರು ಕಾವಲುಗಾರರು. ನಾಂದಣಿಯ ಜೈನರು. ದಾರಿಯಲ್ಲಿ ಇರುವೆ ಕಂಡರೆ ಸುತ್ತುಹಾಕಿ ನಡೆಯುವವರು. ಆ ದಯೆ ಪರೀಕ್ಷೆ ಬರೆಯುವವರ ತನಕ ಬಂದು ಮುಟ್ಟಿರಲಿಲ್ಲ.

ಗಡಹಿಂಗ್ಲಜದಿಂದ ನಾನು ಮೊದಲ ಸಲ ಹೋದಾಗ ನನ್ನ ಹೊಸ ಅಂಗಿಯ ತುಂಬುತೋಳನ್ನು ಮೊಣಕೈಗೆ ಕತ್ತರಿಸಿದರು. ಇಡೀ ವೈದ್ಯಶಾಸ್ತ್ರವನ್ನು ನಾನು ತೋಳಿನಲ್ಲಿ ಅಡಗಿಸಿ ತಂದಿದ್ದೇನೆಂದು ನಿಯಮ ಮಾಡಿದವರಿಗೆ ಅನುಮಾನ. ಏಸಿ ಕೋಣೆಯಲ್ಲಿ ನಡುಗುತ್ತ ಬರೆದೆ, ನಪಾಸಾದೆ. ಎರಡನೆಯ ಸಲ ಕಾಗಲದ ಹತ್ತಿರ ಕಬ್ಬಿನ ಟ್ರಾಲಿ ಮಗುಚಿ ಬಸ್ಸು ನಿಂತಿತು. ಓಡಿ ಮುಟ್ಟಿದಾಗ ಗೇಟು ಮುಚ್ಚಿ ಒಂದು ನಿಮಿಷವಾಗಿತ್ತು. ಕೈಮುಗಿದೆ.

"ಒಂದು ಮಿನಿಟ ಈಗ ನಿಮಗ ಸಣ್ಣದು ಕಾಣತೈತಿ," ಅಂದರು ಕಾಕಾ, "ಕೈಯಾಗ ಪೇಶಂಟ ಇದ್ದಾಗ ಕಾಣಂಗಿಲ್ಲ."

ಉಪದೇಶ ಪುಕ್ಕಟೆ ಸಿಕ್ಕಿತು, ಪರೀಕ್ಷೆ ಹೋಯಿತು.

ಮೂರನೆಯದು ನನ್ನ ವಯಸ್ಸಿಗೆ ಕೊನೆಯ ಅವಕಾಶ. ನಾವು ಲಿಂಗಾಯತರು. ನನ್ನ ಕೊರಳಲ್ಲಿ ಅಜ್ಜನ ಬೆಳ್ಳಿ ಕರಡಿಗೆ, ಅದರೊಳಗೆ ಇಷ್ಟಲಿಂಗ. ಲೋಹ ಹುಡುಕುವ ಕಾಕಾನ ಯಂತ್ರ ಅಲ್ಲಿಯೇ ಕಿರುಚಿತು. ತೆಗೆದ ವಸ್ತುಗಳನ್ನಿಡುವ ಟ್ರೇ ಇದ್ದದ್ದು ಚಪ್ಪಲಿಗಳ ರಾಶಿಯ ಪಕ್ಕದಲ್ಲಿ. ಅಲ್ಲಿಡುವುದಿಲ್ಲ, ಬೇಕಾದರೆ ಮನೆಗೆ ಹೋಗುತ್ತೇನೆ ಎಂದೆ. ಧೈರ್ಯದಿಂದಲ್ಲ, ಅಳು ಬಂದಿತ್ತು.

ಕಾಕಾ ಗೋಡೆಗೆ ಅಂಟಿಸಿದ್ದ ನಿಯಮಗಳನ್ನು ಬೆರಳಿಟ್ಟು ಮೇಲಿಂದ ಕೆಳಗೆ ಓದಿದರು.

"ಲೋಹ ಒಳಗ ಬಿಡಬಾರದು ಅಂತ ಬರದಾರ. ದೇವರ ಸುದ್ದಿ ಎಲ್ಲೂ ಇಲ್ಲ. ಲಿಂಗ ವಸ್ತ್ರದಾಗ ಕಟ್ಟಿಕೊಳ್ರಿ. ಕರಡಿಗಿ ನನ್ನ ಕಡೆ ಇರಲಿ."

ತಮ್ಮದೇ ಬಿಳಿ ಕರವಸ್ತ್ರ ಕೊಟ್ಟರು. ಕೊಡುವ ಮೊದಲು ಅದನ್ನೂ ಬೆಳಕಿಗೆ ಹಿಡಿದು, ಎರಡೂ ಬದಿ ತಪಾಸಣೆ ಮಾಡಿದರು.

ಮೂರು ತಾಸಿನ ನಂತರ ಹೊರಬಂದಾಗ ಅವರು ಬಿಸಿಲಲ್ಲಿ ನಿಂತೇ ಇದ್ದರು, ಕರಡಿಗೆ ಬಲಮುಷ್ಟಿಯಲ್ಲಿ. ಅವರಿಗೆ ಬಂದ ಚಹಾ ಹಾಗೇ ಆರಿಹೋಗಿತ್ತು. ಕರಡಿಗೆಯನ್ನು ನನ್ನ ಕೈಗಿಟ್ಟು, ಪೇಪರ್ ಹೇಗಿತ್ತೆಂದು ಕೇಳಿದರು. ನಿಯಮದಲ್ಲಿಲ್ಲದ ಪ್ರಶ್ನೆ ಅವರು ಕೇಳಿದ್ದು ಅದೊಂದೇ.

ಪಾಸಾದೆ. ಪೇಡೆ ಹಿಡಿದು ಗೇಟಿಗೆ ಹೋದರೆ ಅಲ್ಲಿ ಹೊಸ ಕಾವಲುಗಾರ. ಅಭ್ಯರ್ಥಿಯ ವಸ್ತುವನ್ನು ಕೈಯಲ್ಲಿಟ್ಟುಕೊಂಡದ್ದು ಕ್ಯಾಮೆರಾದಲ್ಲಿ ಕಂಡು ಕಾಕಾನನ್ನು ಕೆಲಸದಿಂದ ತೆಗೆದಿದ್ದಾರೆಂದು ಹೇಳಿದ. ಅಷ್ಟು ಕ್ಯಾಮೆರಾಗಳ ಇತಿಹಾಸದಲ್ಲಿ ಸಿಕ್ಕಿಬಿದ್ದ ಮೊದಲ ಅಪರಾಧಿ ಅವರೇ ಇರಬೇಕು.

ಅಂದೇ ನಾಂದಣಿಗೆ ಹೋದೆ. ಹೊತ್ತು ಮುಳುಗಿದ ಮೇಲೆ ಏನೂ ತಿನ್ನದ ಜೈನ ವ್ರತ ಅವರದು, ಕಾಕಾ ಪೇಡೆ ಮುಟ್ಟಲಿಲ್ಲ, ಬೆಳಿಗ್ಗೆಗೆಂದು ತೆಗೆದಿಟ್ಟರು. ಅದೇ ಕೊನೆಯ ಭೇಟಿ, ದೀಪಾವಳಿಗೆ ಮೊದಲೇ ಅವರು ತೀರಿಕೊಂಡರು. ನಡೆದದ್ದನ್ನು ಅವರನ್ನು ಕೆಲಸಕ್ಕಿಟ್ಟಿದ್ದ ಕಂಪನಿಗೆ ಬರೆದು ತಿಳಿಸುತ್ತೇನೆ ಎಂದು ನಾನು ಅಂದು ಎಷ್ಟು ಹೇಳಿದರೂ ಒಪ್ಪಲಿಲ್ಲ.

"ಬ್ಯಾಡ್ರಿ. ಕ್ಯಾಮೆರಾ ಸುಳ್ಳ ಹೇಳಿಲ್ಲ," ಅಂದರು. "ನಾ ಹಿಡಕೊಂಡಿದ್ದೆ, ಖರೇನ. ನಾಳೆ ಮತ್ತೊಬ್ಬಾವ ತಂದ್ರೂ ಹಿಡಕೋತಿದ್ದೆ."