ಎಡಕ್ಕೆ ಸಿಕ್ಕಿಸಿದ ನಾರು

ನಾನು ಬರೆದ ಅತ್ಯಂತ ಚಂದದ ವಾಕ್ಯ ಯಾವ ಪತ್ರಿಕೆಯಲ್ಲೂ ಅಚ್ಚಾಗಲಿಲ್ಲ. ಅದನ್ನು ಹೊಡೆದುಹಾಕಿಸಿದವಳು ನಮ್ಮವ್ವ. ಆ ಉಪಕಾರವನ್ನು ನಾನು ಈ ಜನ್ಮದಲ್ಲಿ ಮರೆಯಲಾರೆ.

ಅವ್ವ ನಿಪ್ಪಾಣಿಯಲ್ಲಿ ಕಾರ್ಖಾನೆಯಿಂದ ಎಲೆ ತಂದು ಮನೆಯಲ್ಲೇ ಬೀಡಿ ಕಟ್ಟುವವಳು. ನಾನು ಗಡಿಯಾಚೆಯ ಒಂದು ಮರಾಠಿ ಪತ್ರಿಕೆಯ ವರದಿಗಾರ. ಅವಳಿಗೆ ಅಕ್ಷರ ಬಾರದು. ಆದರೂ ಏನೇ ಬರೆದರೂ ಕಳಿಸುವ ಮೊದಲು ಅವಳಿಗೆ ಓದಿ ಹೇಳುವುದು ರೂಢಿ. ಮೊರದಿಂದ ಕಣ್ಣೆತ್ತದೆ ಕೇಳುತ್ತಾಳೆ. ಬೇಸರ ಬಂದರೆ, "ಇಷ್ಟ್ಯಾಕ ತುರುಕ್ತಿಯೋ? ಹಿಂಗ ತುಂಬಿದ್ರ ಬೀಡಿ ಒಡೀತೈತಿ" ಎನ್ನುತ್ತಾಳೆ. ನನಗೆ ಸಿಕ್ಕ ಸಂಪಾದಕರಲ್ಲಿ ಇಷ್ಟು ನೇರವಾಗಿ ಹೇಳಿದವರು ಬೇರೊಬ್ಬರಿಲ್ಲ.

ಒಂದು ಬೇಸಿಗೆಯಲ್ಲಿ ಎಲೆ ವ್ಯಾಪಾರಿಯೊಬ್ಬರ ಲಾರಿ ಹತ್ತಿ ಮಹಾರಾಷ್ಟ್ರದ ಪೂರ್ವ ತುದಿಯ ಕಾಡಿಗೆ ಹೋದೆ. ಅವ್ವನ ಕಾರ್ಖಾನೆಗೆ ಬೀಡಿ ಎಲೆ ಬರುವುದು ಅಲ್ಲಿಂದಲೇ. ಅಲ್ಲಿ ನಕ್ಸಲರೂ ಇದ್ದರು, ಅವರನ್ನು ಹುಡುಕುವ ಪೊಲೀಸರೂ ಇದ್ದರು. ನಡುವೆ ಊರವರ ಪಾಡು ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯದು. ಎರಡು ದಿನ ಯಾರೂ ನನ್ನ ಜೊತೆ ಬಾಯಿ ಬಿಡಲಿಲ್ಲ. ಮೂರನೆಯ ದಿನ, ಎಲೆ ಕಟ್ಟುತ್ತ ಕುಳಿತಿದ್ದ ಒಬ್ಬ ಮುದುಕಿ ತಾನಾಗಿ ಮಾತಾಡಿದಳು. ಸಂತೆಯಲ್ಲಿ ಪೊಲೀಸನೊಬ್ಬ ಹೆಗಲ ಮೇಲೆ ಕೈ ಹಾಕಿದರೆ ಸಾಕು, ನಕ್ಸಲರ ಕಣ್ಣಿಗೆ ಆ ಮನುಷ್ಯ ಮಾಹಿತಿದಾರ. ನಕ್ಸಲರಿಗೆ ಒಂದು ಹೊತ್ತು ಗಂಜಿ ಕೊಟ್ಟರೆ ಸಾಕು, ಪೊಲೀಸರ ಕಣ್ಣಿಗೆ ಅವನು ನಕ್ಸಲ. ಆ ಸೀಮೆಯ ಊರೂರಿನಲ್ಲೂ ಇದೇ ಕತೆ, ಆದರೆ ಬಾಯಿಬಿಟ್ಟು ಹೇಳಿದವಳು ಅವಳೊಬ್ಬಳು. "ಹೇಳಿದ್ದು ನಾನೆಂದು ತಿಳಿದರೆ ಇಬ್ಬರಲ್ಲಿ ಯಾರಾದರೊಬ್ಬರು ನನ್ನನ್ನು ಮುಗಿಸಿಬಿಡುತ್ತಾರೆ" ಎಂದು ತನ್ನ ಹರಕು ಮರಾಠಿಯಲ್ಲಿ ಎರಡೆರಡು ಸಲ ಹೇಳಿದಳು. ನಾನು ಮಾತು ಕೊಟ್ಟೆ.

ಮನೆಗೆ ಬಂದು ಬರೆದೆ. ಅವಳ ಹೆಸರು ತೆಗೆದೆ, ಊರು ತೆಗೆದೆ, ಊರ ಪಕ್ಕದ ಹಳ್ಳವನ್ನೂ ತೆಗೆದೆ. ನನ್ನ ಬೆನ್ನನ್ನು ನಾನೇ ತಟ್ಟಿಕೊಂಡು ಅವ್ವನ ಮುಂದೆ ಓದಲು ಕುಳಿತೆ. ಆ ವಾಕ್ಯ ಬಂತು: 'ಹೆಬ್ಬೆರಳು ಮಡಚಲಾಗದ ಅವಳು ಎಲೆಯ ಕಟ್ಟಿಗೆ ತೊಗಟೆಯ ನಾರನ್ನು ಎರಡು ಸುತ್ತು ಸುತ್ತಿ, ಎಲ್ಲರಂತೆ ಗಂಟು ಹಾಕದೆ ತುದಿಯನ್ನು ಎಡಕ್ಕೆ ಸಿಕ್ಕಿಸುತ್ತಿದ್ದಳು, ಮಗುವಿಗೆ ಹೊದಿಸಿ ಅಂಚು ಒತ್ತಿದ ಹಾಗೆ.' ಹೆತ್ತವರಿಗೆ ಹೆಗ್ಗಣ ಮುದ್ದು. ಎರಡು ಸಲ ಓದಿದೆ.

ಅವ್ವನ ಕತ್ತರಿ ನಿಂತಿತು. ಎದ್ದುಹೋಗಿ ಮೂಲೆಯ ಚೀಲದಲ್ಲಿ ಕೈಯಾಡಿಸಿ ಎಲೆಯ ಒಂದು ಕಟ್ಟು ತಂದು ನನ್ನ ಮುಂದಿಟ್ಟಳು.

"ಇದ ಹೌದಲ್ಲೋ?"

ಅದೇ. ಎರಡು ಸುತ್ತು, ತುದಿ ಎಡಕ್ಕೆ.

"ಎಷ್ಟೋ ವರ್ಷಾತು ಇಂಥಾ ಕಟ್ಟ ಬಿಚ್ಚಾಕತ್ತೀನಿ. ಯಾರೋ ಕೈ ನೋವಿನಾಕಿ ಅದಾಳ ಅನಕೊಂಡಿದ್ದೆ" ಎಂದಳು.

"ಇದನ್ಯಾರ ಅಷ್ಟ ನೋಡ್ತಾರಬೇ?" ಎಂದೆ. ಸಿಟ್ಟು ಬಂದಿತ್ತು.

"ನಿಪ್ಪಾಣ್ಯಾಗ ಕುಂತ ನನಗ ಗೊತ್ತಾತು. ಆಕಿ ಬಾಜೂಕ ಕುಂತು ಎಲಿ ಕಟ್ಟೂ ಮಂದಿಗೆ ಗೊತ್ತಾಗೂದಿಲ್ಲ? ಹೆಸರ ಮುಚ್ಚಿಟ್ಟಿ, ಊರ ಮುಚ್ಚಿಟ್ಟಿ, ಆಕಿ ಕೈ ಬಯಲಿಗಿಟ್ಟೀಯಲ್ಲೋ ಶಾಣ್ಯಾ!"

ಮಧ್ಯಾಹ್ನವೆಲ್ಲ ವಾದ ಮಾಡಿದೆ. ಸಂಜೆಗೆ ಹೊಡೆದುಹಾಕಿದೆ.

ವರದಿ ಬಂದ ಕೆಲವೇ ದಿನಗಳಲ್ಲಿ ಸಾದಾ ಉಡುಪಿನ ಒಬ್ಬರು ಮನೆಗೆ ಬಂದರು. ಗುಪ್ತಚರ ವಿಭಾಗದವರಂತೆ. ಬಹಳ ಮರ್ಯಾದೆಯ ಮನುಷ್ಯ. ಕೈಯಲ್ಲಿ ನನ್ನ ವರದಿ, ತುಂಬ ಪೆನ್ಸಿಲ್ ಗೆರೆ. ಮುದುಕಿ ಯಾರೆಂದು ಕೇಳಿದರು. ಹೇಳಲಾರೆ ಎಂದೆ. ಅವರು ಅವ್ವನ ಕಡೆ ತಿರುಗಿದರು.

"ನನಗ ಓದಾಕ ಬರೂದಿಲ್ರಿ ಸಾಹೇಬ್ರ. ಚಾ ತಗೋರಿ" ಎಂದಳು ಅವ್ವ.

ಅವರು ಚಹಾ ಕುಡಿದರು. ಆ ಕಟ್ಟು ಅವರ ಬೂಟಿನ ಪಕ್ಕದಲ್ಲೇ ಬಿದ್ದಿತ್ತು. ಗೆರೆ ಎಳೆಯಲು ನನ್ನ ವಾಕ್ಯ ವರದಿಯಲ್ಲಿ ಇರಲಿಲ್ಲವಾದ್ದರಿಂದ ಅವರಿಗೆ ಅದು ಬರೀ ಎಲೆ.

ಅವರೇನೋ ಹೋದರು, ನನ್ನ ಭಯ ಹೋಗಲಿಲ್ಲ. ನನಗೇ ತಿಳಿಯದ ಇನ್ನೊಂದು ಗುರುತನ್ನು ಬಿಟ್ಟಿದ್ದರೆ? ಆ ಊರಿಗೆ ಫೋನ್ ಮಾಡುವಂತಿಲ್ಲ, ಕೇಳುವಂತಿಲ್ಲ. ಕೇಳಿದರೆ ಅದೇ ಗುರುತು. ಒಂದು ವರ್ಷಕ್ಕೂ ಹೆಚ್ಚು ಕಾಲ ಹಾಗೆಯೇ ಕಳೆಯಿತು.

ಮುಂದಿನ ಬೇಸಿಗೆಯಲ್ಲಿ ಕೊಯ್ದ ಎಲೆ ದೀಪಾವಳಿಯ ಹೊತ್ತಿಗೆ ಕಾರ್ಖಾನೆಗೆ ಬಂತು. ಅವ್ವ ದಿನವೂ ಚೀಲ ಸುರಿದು ಒಂದೊಂದೇ ಕಟ್ಟನ್ನು ತಿರುವಿ ನೋಡುತ್ತಿದ್ದಳು. ಒಂದು ಮಧ್ಯಾಹ್ನ ಒಳಗಿನಿಂದ ನನ್ನ ಹೆಸರು ಹಿಡಿದು ಕೂಗಿದಳು. ಓಡಿದೆ. ಅವಳ ಅಂಗೈಯಲ್ಲಿ ಹೊಸ ಎಲೆಯ ಕಟ್ಟು: ಎರಡು ಸುತ್ತು, ತುದಿ ಎಡಕ್ಕೆ.

"ಅದಾಳಪಾ" ಎಂದಳು ಅವ್ವ. "ಆಕಿ ಅದಾಳ."

ನಾನು ನಾಚಿಕೆ ಬಿಟ್ಟು ಅತ್ತೆ. ಅವ್ವ ಯಾವಾಗಲೂ ಕತ್ತರಿಯಿಂದಲೇ ನಾರು ಕತ್ತರಿಸುವವಳು. ಅಂದು ಕತ್ತರಿ ಬದಿಗಿಟ್ಟು ಬೆರಳಿನಿಂದ ಮೆಲ್ಲಗೆ ಬಿಚ್ಚಿದಳು.