ಮೂರು ರಾಶಿ ಇರುವೆ

ಸಾಲ್ಟ್ ಲೇಕ್‌ನ ನಮ್ಮ ಲ್ಯಾಬಿನಲ್ಲಿ ಎರಡು ವರ್ಷ ನಾನು ಮರಳುಗಾಡಿನ ಇರುವೆಗಳ ಸೊಂಟ ನೋಡಿದ್ದೇ ನೋಡಿದ್ದು. ಸೊಂಟದಲ್ಲಿ ಒಂದು ಗಂಟಿದ್ದರೆ ಒಂದು ಕುಲ, ಎರಡಿದ್ದರೆ ಇನ್ನೊಂದು. ಮರಳುಗಾಡನ್ನು ಮಾತ್ರ ಒಮ್ಮೆಯೂ ಕಂಡಿರಲಿಲ್ಲ. ಪ್ರತಿ ವರ್ಷ ರಾಜಸ್ಥಾನಕ್ಕೆ ಹೋಗುತ್ತಿದ್ದವನು ನನ್ನ ಸೀನಿಯರ್, ಈ ಊರಿನದೇ ಬಂಗಾಳಿ; ಲ್ಯಾಬಿಗೆಲ್ಲ ದಾದಾ, ಅಂದರೆ ಅಣ್ಣ. ಅವನು ಬಂದು ಒಂಟೆಯ ಕತೆ ಹೇಳುವಾಗಲೆಲ್ಲ ನನಗೆ ಮೈಯೆಲ್ಲ ಉರಿಯುತ್ತಿತ್ತು.

ನಮ್ಮ ಗೈಡ್ ಸರ್ ಧಾರವಾಡದವರು. "ಈ ಸಲದ್ದು ಛಂದಂಗ ಗುರ್ತು ಹಿಡದ ಕೊಡವಾ, ಮುಂದಿನ ಸಲ ನಿನ್ನ ಕಳಸ್ತೀನಿ" ಅಂದರು. ಇನ್ನು ಬಿಡುತ್ತೇನೆಯೇ!

ದಾದಾ ತಂದದ್ದು ಸ್ಪಿರಿಟ್ ತುಂಬಿದ ಹನ್ನೆರಡು ಸೀಸೆ. ಒಂದು ಬಿಲದ ಇರುವೆಗೆ ಒಂದು ಸೀಸೆ, ಒಳಗೆ ಪೆನ್ಸಿಲಿನಲ್ಲಿ ಬಿಲದ ನಂಬರು ಬರೆದ ಚೀಟಿ. ಒಂದೊಂದೇ ಸೀಸೆ ತೆಗೆದು ನೋಡುವ ತಾಳ್ಮೆ ನಮ್ಮ ವಂಶದಲ್ಲೇ ಇಲ್ಲ. ಮೈಸೂರಿನಲ್ಲಿ ಅಮ್ಮ ಅಕ್ಕಿ ಆರಿಸುವ ಹಾಗೆ ಹನ್ನೆರಡನ್ನೂ ಒಂದೇ ಬಿಳಿ ತಟ್ಟೆಗೆ ಸುರಿದೆ. ಚೀಟಿಗಳು ಅಡ್ಡ ಬಂದವು, ಕಸದ ಬುಟ್ಟಿಗೆ ಹಾಕಿದೆ. ಎಲ್ಲಕ್ಕೂ ಸೊಂಟದಲ್ಲಿ ಎರಡೇ ಗಂಟು. ಸರಿ, ಗಾತ್ರ ನೋಡಿ ಬೇರೆ ಮಾಡಿದೆ. ಅರ್ಧ ಗಂಟೆಯಲ್ಲಿ ಮೂರು ರಾಶಿ: ದಪ್ಪ ತಲೆಯ ದೊಡ್ಡವು, ಮಧ್ಯಮದವು, ಚಿಕ್ಕವು. ಮೂರು ಜಾತಿ! ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಸುಮ್ಮನಿರಲಾರದೆ ಮೈಮೇಲೆ ಇರುವೆ ಬಿಟ್ಟುಕೊಂಡರಂತೆ. ನಾನು ರಾಶಿಗಳಿಗೆ ಕನ್ನಡದಲ್ಲಿ ಚೀಟಿ ಇಟ್ಟೆ. ದಪ್ಪ ತಲೆಗೆ 'ನಮ್ಮ ಸರ್', ಮಧ್ಯಮಕ್ಕೆ 'ದಾದಾ', ಚಿಕ್ಕದಕ್ಕೆ 'ನಾನು'. ದಾದಾಗೆ ಕನ್ನಡ ಓದಲು ಬರುವುದಿಲ್ಲ, ಸರ್ ಬರುವುದು ಮಧ್ಯಾಹ್ನದ ಮೇಲೆ, ಅಷ್ಟರಲ್ಲಿ ತೆಗೆದರಾಯಿತು ಅಂದುಕೊಂಡು ಕೆಳಗೆ ಚಹಾ ಕುಡಿಯಲು ಹೋದೆ. ತಿರುಗಿ ಬಂದರೆ ಸರ್ ನನ್ನ ಕುರ್ಚಿಯಲ್ಲೇ ಕೂತಿದ್ದಾರೆ!

"ದಪ್ಪ ತಲಿ ನಂದೇನವಾ?"

"ಅಯ್ಯೋ ಸರ್, ಸುಮ್ನೆ ತಮಾಷೆಗೆ..."

"ಇರಲಿ ಬಿಡು. ಇವು ಮೂರೂ ಒಂದ ಜಾತಿ ಅದಾವ. ಕಾಳು ಒಯ್ಯೋ ಇರವಿ. ಒಂದ ಗೂಡಿನಾಗ ದೊಡ್ಡವೂ ಇರ್ತಾವ, ಸಣ್ಣವೂ ಇರ್ತಾವ. ನಾನು, ದಾದಾ, ನೀನು, ಎಲ್ಲಾ ಒಂದ ತಾಯಿ ಮಕ್ಕಳು." ಆಮೇಲೆ ಖಾಲಿ ಸೀಸೆಗಳತ್ತ ನೋಡಿದರು. "ಯಾವ್ದು ಯಾವ ಬಿಲದ್ದು? ಅದು ಗೊತ್ತಿಲ್ಲಂದ್ರ ಇವು ಕಸಕ್ಕ ಸಮ."

ನಾನು ಕಸದ ಬುಟ್ಟಿ ನೋಡಿದೆ.

"ಅಕ್ಕಿ ಹಸನ ಮಾಡಿದಂಗ ಮಾಡಿಯಲ್ಲವಾ!" ಸರ್ ಎದ್ದು ನಿಂತರು. "ಕೆಡಿಸಿದಾಕಿನ ಹೋಗಿ ತರಬೇಕು. ಮೇ ತಿಂಗಳ ಬಿಸಲಾಗ ಹೋಗು, ಗೊತ್ತಾಗ್ತದ."

ಬೈಗುಳ ತಿನ್ನುತ್ತಾ ನಿಂತವಳಿಗೆ ಒಳಗೊಳಗೇ ಕುಣಿಯುವಷ್ಟು ಖುಷಿ. ಎರಡು ವರ್ಷ ನಿಯತ್ತಾಗಿ ದುಡಿದರೂ ಸಿಗದ ಮರಳುಗಾಡು ಅರ್ಧ ಗಂಟೆಯ ಕಿತಾಪತಿಗೆ ಸಿಕ್ಕಿತ್ತು! ಆಗ ಬಾಗಿಲಲ್ಲಿ ದಾದಾ ಕಂಡ. ಈ ಸಲ ಹೋಗುವವಳು ಇವಳೇ ಎಂದು ಸರ್ ಹಿಂದಿಯಲ್ಲಿ ಹೇಳಿದರೂ ತಟ್ಟೆಯನ್ನೇ ನೋಡುತ್ತಿದ್ದ. ಬಿಲಗಳ ಮುಂದೆ ಹದಿನೈದು ದಿನ ಮಂಡಿಯೂರಿ ಕೂತು ಅವನು ಹಿಡಿದು ತಂದದ್ದನ್ನೆಲ್ಲ ನಾನು ಕಲಸಿಬಿಟ್ಟಿದ್ದೆ. ನನಗೆ ನಿಜಕ್ಕೂ ನಾಚಿಕೆಯಾಯಿತು. ತಪ್ಪಾಯಿತು ಅಂದೆ.

ಅವನು ಹತ್ತಿರ ಬಂದ. ತನ್ನ ಚೀಲದಿಂದ ಕೆಂಪು ಚೌಕಳಿಯ ಗಾಮ್ಛಾ ಟವೆಲು ತೆಗೆದು ನನ್ನ ಮೇಜಿನ ಮೇಲಿಟ್ಟು, ಹಿಂದಿಯಲ್ಲಿ ಅಂದ: "ಒದ್ದೆ ಮಾಡಿ ತಲೆಗೆ ಸುತ್ತಿಕೋ, ಅಲ್ಲಿನ ಬಿಸಿಲು ಕೆಟ್ಟದ್ದು. ತಂದ ಮೇಲೆ ಸೀಸೆ ಮಾತ್ರ ನಾನು ತೆರೆಯುತ್ತೇನೆ."

ಬೈದಿದ್ದರೆ ತಿರುಗಿ ಬೈಯುತ್ತಿದ್ದೆ. ಹೀಗಂದದ್ದಕ್ಕೆ ಅಳು ಬಂದುಬಿಟ್ಟಿತು.