ಕಥೆಗೆ ಸೇರದ ಮಾತು

ಕಾಲೇಜಿನ ಹುಡುಗರೆಲ್ಲ ಅವರನ್ನು ‘ಅಜ್ಜಿಕಥೆ ಮೇಡಂ’ ಎಂದೇ ಕರೆಯುತ್ತಿದ್ದುದು. ಎದುರಿಗಲ್ಲ, ಬೆನ್ನ ಹಿಂದೆ. ನಾನು ಪಕ್ಕದ ಕೋಣೆಯಲ್ಲಿ ಗಣಿತ ಹೇಳುತ್ತಿದ್ದವಳು. ನನ್ನನ್ನು ಏನೆಂದು ಕರೆಯುತ್ತಿದ್ದರೋ, ಅದು ಇಲ್ಲಿ ಬೇಡ. ರಾಜಕುಮಾರಿ, ರಾಕ್ಷಸ, ಮಾತಾಡುವ ಗಿಳಿ ಇವನ್ನೂ ಒಂದು ಓದು ಅಂತ ಸಂಬಳ ಕೊಡುತ್ತಾರಲ್ಲ ಎಂದು ಮೊದಮೊದಲು ನನಗೆ ಹೊಟ್ಟೆಯುರಿಯೇ ಇತ್ತು. ಒಂದು ದಿನ ಅವರ ಜಾನಪದದ ಪಾಠ ಗೋಡೆಯಾಚೆಯಿಂದ ಕಿವಿಗೆ ಬಿತ್ತು. ಕಥೆಯ ರಾಜನಿಗೆ ಯಾಕೆ ಹೆಸರಿರುವುದಿಲ್ಲ, ಒಂದೇ ಮಾತನ್ನು ಯಾಕೆ ಮೂರು ಸಲ ಹೇಳುತ್ತಾರೆ, ಕಾಡಿಗೆ ಹೋದವಳು ಅತ್ತಳು ಎನ್ನದೆಯೇ ಕೇಳುವವರನ್ನು ಹೇಗೆ ಅಳಿಸುತ್ತಾರೆ ಎಂದೆಲ್ಲ ಬಿಡಿಸಿ ಬಿಡಿಸಿ ಹೇಳುತ್ತಿದ್ದರು. ಬೋರ್ಡಿನ ಮೇಲೆ ನನ್ನ ಲೆಕ್ಕ ಅರ್ಧಕ್ಕೇ ನಿಂತಿತ್ತು.

ಅವರು ಮದುವೆಯಾಗಲಿಲ್ಲ. ಮನೆಯಲ್ಲಿ ಇದ್ದದ್ದು ಒಂದೇ ಕುರ್ಚಿ. ಯಾರಾದರೂ ಹೋದರೆ ಪುಸ್ತಕದ ಗುಡ್ಡೆಯ ಮೇಲೆ ಕೂರಬೇಕು. ಇನ್ನೊಂದು ತಂದಿಡಬಾರದೇ ಎಂದರೆ, ಬರುವವರು ಯಾರಿದ್ದಾರೆ ಎಂದು ನನ್ನನ್ನೇ ಕೇಳುತ್ತಿದ್ದರು. ನಾನೇನು ಮನುಷ್ಯಳಲ್ಲವೇ ಎಂದು ಒಮ್ಮೆ ರೇಗಿದ್ದೂ ಉಂಟು. ಅವರು ನಕ್ಕರು, ಅಷ್ಟೇ. ಕುರ್ಚಿ ಬರಲಿಲ್ಲ.

ಅವರ ಅಮ್ಮ ದೊಡ್ಡಾಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಕೆಲಸದಲ್ಲಿದ್ದವರು. ಒಣಗಿದ ಚಾದರಗಳನ್ನು ಇಬ್ಬಿಬ್ಬರು ಎದುರುಬದುರು ನಿಂತು ಮಡಿಸುವಾಗ ಕಥೆ ಹೇಳುತ್ತಿದ್ದರಂತೆ. ಅವರ ಜೋಡಿಯಾಗಲು ಹೆಂಗಸರು ಜಗಳವಾಡುತ್ತಿದ್ದರಂತೆ. ಕೆಲಸ ಬಿಟ್ಟ ಮೇಲೆ ಮಗನ ಮನೆಯಲ್ಲಿದ್ದರು. ಮೇಡಂ ಪ್ರತಿ ರಜೆಗೂ ಟೇಪ್‌ರೆಕಾರ್ಡರ್ ಹಿಡಿದು ಹೋಗಿ ಕಥೆ ತುಂಬಿಸಿಕೊಂಡು ಬರುವರು. ಅವರ ಸಂಶೋಧನಾ ಪ್ರಬಂಧಕ್ಕೆ ಬೇಕಾದದ್ದು ಕಥೆ ಮಾತ್ರ. ಅಮ್ಮ ನಡುವೆ ಮನೆಯ ಸುಖದುಃಖದ ಮಾತಿಗೆ ಇಳಿದರೆ ಸಾಕು, ಗುಂಡಿ ಒತ್ತಿ ನಿಲ್ಲಿಸಿಬಿಡುವರು. ಕಥೆಗೆ ವಾಪಸ್ ಬಂದರೇನೇ ಮತ್ತೆ ಶುರು. ಈ ಶಿಸ್ತಿನ ಬಗ್ಗೆ ಅವರಿಗೆ ಬಲು ಹೆಮ್ಮೆ.

ಅಮ್ಮ ತೀರಿಕೊಂಡ ಮರುವರ್ಷವೇ ಮೇಡಂ ನಿವೃತ್ತಿಗೆ ಬಂದರು. ಟೇಪುಗಳನ್ನೆಲ್ಲ ಕಾಲೇಜಿನ ಗ್ರಂಥಾಲಯಕ್ಕೆ ಒಪ್ಪಿಸಬೇಕಿತ್ತು. ಆಗ ಶುರುವಾಯಿತು ನೋಡಿ ಸಂಕಟ. ಒಂದು ಮಧ್ಯಾಹ್ನ ನನ್ನ ಬಾಗಿಲಲ್ಲಿ ಬಂದು ನಿಂತರು.

“ಅಮ್ಮನ ದನಿ ಪೆಟ್ಟಿಗೆ ತುಂಬ ಇದೆ ಕಣ್ರೀ. ನನ್ನ ಜೊತೆ ಮಾತಾಡಿದ್ದು ಮಾತ್ರ ಎಲ್ಲೂ ಇದ್ದ ಹಾಗಿಲ್ಲ. ಒಂದೇ ಒಂದು ಮಾತು ಸಿಕ್ಕರೂ ಸಾಕು, ಉಳಿದದ್ದನ್ನ ಕೊಟ್ಟುಬಿಡ್ತೀನಿ. ಒಬ್ಬಳೇ ಕೂತು ಹುಡುಕೋಕೆ ಧೈರ್ಯ ಸಾಲದು. ಬರ್ತೀರಾ?”

ತರಗತಿ ಮುಗಿದ ಮೇಲೆ ಖಾಲಿ ಕೋಣೆಯಲ್ಲಿ ಇಬ್ಬರೂ ಕೂತು ಕೇಳತೊಡಗಿದೆವು. ರಾಜ ಬಂದ, ಹುಲಿ ಬಂತು, ಏಳು ಜನ ಅಣ್ಣಂದಿರು ಬಂದರು. ಅಮ್ಮನ ದನಿ ಸ್ವಲ್ಪ ಮೆತ್ತಗಾಯಿತು ಅನ್ನುವಷ್ಟರಲ್ಲಿ ಟಕ್ ಎಂದು ಕಡಿದು ಹೋಗುತ್ತಿತ್ತು. ಪ್ರತಿ ಟಕ್ಕಿಗೂ ಮೇಡಂ ಕಣ್ಣು ಮುಚ್ಚುವರು. ಎಂಥ ಕಲ್ಲು ಹೆಂಗಸಪ್ಪ ಎಂದು ನಾನು ಒಳಗೊಳಗೇ ಬೈದುಕೊಂಡೆ. ಅದು ಮುಖದಲ್ಲಿ ಕಂಡಿರಬೇಕು. ಬಾಯಿಬಿಟ್ಟೇ ಬೈಯಿರಿ, ಪರವಾಗಿಲ್ಲ ಎಂದರು.

ಪೆಟ್ಟಿಗೆಯ ತಳ ಕಾಣುವ ಹೊತ್ತಿಗೆ ಗಾಜಿನ ಬೆಟ್ಟದ ಕಥೆ ಬಂತು. ರಾಣಿ ತನ್ನ ಮಗಳನ್ನು ಬೆಟ್ಟಕ್ಕೆ ಕಳಿಸಿಕೊಡುತ್ತಾಳೆ. “ಅಲ್ಲಿ ಒಬ್ಬಳೇ ಇರ್ತೀಯ ಮಗಳೇ, ರಾತ್ರಿ ನೆನಪಿಟ್ಟು ಚಿಲಕ ಹಾಕ್ಕೋ. ಓದ್ತಾ ಓದ್ತಾ ಊಟ ಮರೀಬೇಡ. ಕನ್ನಡಕದ ನಂಬರು ಹೆಚ್ಚಾಗಿರ್ಬೇಕು, ಕಣ್ಣು ಕಿರಿದು ಮಾಡ್ತೀಯ, ಡಾಕ್ಟರಿಗೆ ತೋರಿಸು.”

ಯಾವ ರಾಜಕುಮಾರಿಗಪ್ಪಾ ಕನ್ನಡಕ ಎಂದು ನಾನು ನಕ್ಕುಬಿಟ್ಟೆ. ಮೇಡಂ ಕೂಡ ನಕ್ಕರು. ಅಮ್ಮನ ಕಥೆಗಳಲ್ಲಿ ರಾಣಿಯರೆಲ್ಲ ಹೀಗೇ, ಬೇರೆ ಯಾರು ಹೇಳಿದ ಕಥೆಯಲ್ಲೂ ಇದಿಲ್ಲ, ಕೇಳುವವರನ್ನು ನಗಿಸುವ ಜಾಣತನ ಇದು, ಪ್ರಬಂಧದಲ್ಲಿ ಇದರ ಮೇಲೇ ಒಂದು ಅಧ್ಯಾಯ ಬರೆದು ಮೆಚ್ಚುಗೆ ಗಳಿಸಿದ್ದೆ ಎಂದು ಪಾಠದ ದನಿಯಲ್ಲಿ ಹೇಳುತ್ತಿದ್ದವರು ಅಲ್ಲೇ ನಿಂತರು. ಕೈ ತಾನಾಗಿ ತಮ್ಮ ಕನ್ನಡಕಕ್ಕೆ ಹೋಯಿತು.

ನನಗೂ ಆಗಲೇ ಹೊಳೆದದ್ದು. ಕಥೆ ಬಿಟ್ಟು ಮಾತಾಡಿದರೆ ಮಗಳು ಯಂತ್ರ ನಿಲ್ಲಿಸುತ್ತಾಳೆ ಎಂದು ಆ ತಾಯಿ ಕಂಡುಕೊಂಡಿದ್ದರು. ಹೇಳಬೇಕಾದದ್ದನ್ನೆಲ್ಲ ರಾಣಿಯ ಬಾಯಲ್ಲಿಟ್ಟು ಹೇಳಿದ್ದರು. ಇವರು ಅದನ್ನೇ ಅಕ್ಷರ ಬಿಡದೆ ಬರೆದುಕೊಂಡು, ಅಡಿಗೆರೆ ಎಳೆದು, ವಿದ್ಯಾರ್ಥಿಗಳಿಗೆ ಪಾಠ ಮಾಡಿದ್ದರು. ಮೇಡಂ ಮುಖ ನೋಡಲಾಗಲಿಲ್ಲ.

ರಾಣಿ ಇನ್ನೂ ಮಾತಾಡುತ್ತಿದ್ದಳು. “ಈ ಸಲ ರಜೆ ಮುಗಿದ್ರೂ ನಾಕು ದಿನ ಅರಮನೇಲೇ ಇರು ಮಗಳೇ. ಇರ್ತೀಯಾ?”

ಕೇಳಿ, ಕಾದಳು. ಟೇಪು ಸುಮ್ಮನೆ ಸುತ್ತುತ್ತಿತ್ತು. ಆಮೇಲೆ ಮೇಡಂ ಅವರದೇ ದನಿ ಕೇಳಿಸಿತು, ಚಿಕ್ಕ ವಯಸ್ಸಿನ, ಅವಸರದ ದನಿ.

“ಹೂಂ, ಮುಂದೇನಾಯ್ತು ಹೇಳಮ್ಮ.”

ಅಮ್ಮ ಕಥೆ ಮುಂದುವರಿಸಿದರು.